ಆರೂಮುಕ್ಕಾಲಿನ ಬಸ್ಸು

ಎಂ.ಎಸ್ಸಿ. ಗಣಿತದ ಸೀಟು ಸಿಕ್ಕಿದೆಯೆಂದು ಫೋನಿಗೆ ಮೆಸೇಜು ಬಂದ ದಿನ ಮಾಲಿನಿ ಸಾಯಂಕಾಲದವರೆಗೂ ಅದನ್ನು ಯಾರಿಗೂ ಹೇಳಲಿಲ್ಲ. ಮಧ್ಯಾಹ್ನ ಹಳೇ ಕ್ಯಾಲೆಂಡರಿನ ಹಾಳೆಯ ಹಿಂದುಗಡೆ ಲೆಕ್ಕ ಹಾಕಿದಳು. ಅಜ್ಜಂಪುರದಿಂದ ತರೀಕೆರೆಗೆ ಮುಕ್ಕಾಲು ಗಂಟೆ. ಅಲ್ಲಿಂದ ಭದ್ರಾವತಿಗೆ ಇನ್ನೊಂದು ಮುಕ್ಕಾಲು ಗಂಟೆ. ಮತ್ತೊಂದು ಬಸ್ಸು ಹತ್ತಿ ಶಂಕರಘಟ್ಟದ ವಿಶ್ವವಿದ್ಯಾಲಯಕ್ಕೆ ಅರ್ಧ ಗಂಟೆ. ನಡುವೆ ಕಾಯುವುದನ್ನೂ ಸೇರಿಸಿದರೆ ಎರಡೂವರೆ. ಹೋಗಿ ಬರಲು ದಿನಕ್ಕೆ ಐದು ಗಂಟೆ, ಎರಡು ವರ್ಷ.

ಅವಳಿಗೆ ಆಗ ಮೂವತ್ತೆರಡು. ತರೀಕೆರೆಯಲ್ಲಿ ಬಿ.ಎಸ್ಸಿ. ಮಾಡುವಾಗ ಕ್ಲಾಸಿಗೇ ಮೊದಲಿಗಳು. ರಿಸಲ್ಟ್ ಬರುವ ಮುಂಚೆಯೇ ಅಜ್ಜಂಪುರದ ರುದ್ರಮೂರ್ತಿಯ ಜೊತೆ ಮದುವೆಯಾಯಿತು. ಅವನದು ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿ. ಒಳ್ಳೆಯವನು, ಮಾತು ಕಡಿಮೆ. ಮಾಲಿನಿ ಹತ್ತು ವರ್ಷದಿಂದ ಪಡಸಾಲೆಯಲ್ಲಿ ಪಿಯುಸಿ ಹುಡುಗಿಯರಿಗೆ ಗಣಿತ ಹೇಳಿಕೊಡುತ್ತಿದ್ದಳು. ತನ್ನ ಹತ್ತಿರ ಕಲಿತವರು ಎಂ.ಎಸ್ಸಿ. ಮುಗಿಸಿ ಲೆಕ್ಚರರ್ ಆಗಿ ಬೀದಿಯಲ್ಲಿ ಸಿಕ್ಕಾಗ 'ಚೆನ್ನಾಗಿದೀರಾ ಮಿಸ್' ಅನ್ನುತ್ತಿದ್ದರು. ಅವಳು ನಕ್ಕು ಮುಂದೆ ಹೋಗುತ್ತಿದ್ದಳು. ಮನೆ ತಲುಪುವವರೆಗೂ ಅದೇ ತಲೆಯಲ್ಲಿ ಕೊರೆಯುತ್ತಿತ್ತು.

ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಾದ್ದರಿಂದ ಖರ್ಚಿನ ಯೋಚನೆಯಿರಲಿಲ್ಲ. ಅಡ್ಡವಿದ್ದದ್ದು ಬೇರೆ. ಮಗಳು ಸ್ಫೂರ್ತಿಗೆ ಎಂಟು ವರ್ಷ. ಎರಡು ವರ್ಷದ ಹಿಂದೆ ಮಗು ಒಣಗಿ ಕಡ್ಡಿಯಾಗಿ, ಕೊಡಗಟ್ಟಲೆ ನೀರು ಕುಡಿಯಲು ಶುರುಮಾಡಿದಾಗ ಕಡೂರಿನ ಡಾಕ್ಟರು ರಕ್ತ ನೋಡಿ, ಇದು ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ, ಮಾತ್ರೆಗೆ ಬಗ್ಗುವುದಿಲ್ಲ, ಇನ್ನು ದಿನವೂ ಇನ್ಸುಲಿನ್ ಚುಚ್ಚಬೇಕು ಎಂದಿದ್ದರು. ಅಂದಿನಿಂದ ಬೆಳಿಗ್ಗೆ ಮತ್ತು ರಾತ್ರಿಯ ಸೂಜಿ ಮಾಲಿನಿಯದು. ಮಧ್ಯಾಹ್ನದ್ದು ರುದ್ರಮೂರ್ತಿಯದು, ಅಂಗಡಿಯಿಂದ ಶಾಲೆ ನಾಲ್ಕು ಹೆಜ್ಜೆ. ಅತ್ತೆ ತೀರ್ಥಮ್ಮ ಮಾತ್ರ ಸೂಜಿ, ಮೀಟರು ಇಟ್ಟ ಡಬ್ಬಿಯನ್ನು ಮುಟ್ಟುತ್ತಿರಲಿಲ್ಲ. 'ಎಳೇ ಮೈಗೆ ಚುಚ್ಚಕ್ಕೆ ನನ್ ಕೈಲಾಗಲ್ಲ' ಎಂದು ಸೂಜಿ ತೆಗೆದ ಕೂಡಲೇ ಹಿತ್ತಿಲಿಗೆ ಹೋಗಿಬಿಡುತ್ತಿದ್ದಳು.

ಸಾಯಂಕಾಲ ವಿಷಯ ಹೇಳಿದಾಗ ರುದ್ರಮೂರ್ತಿ ಕೈಗೆ ಹತ್ತಿದ್ದ ವಾರ್ನಿಷ್ ಉಜ್ಜಿಕೊಳ್ಳುತ್ತ ಕೂತ. "ಹಾಸ್ಟೆಲ್ ಅಂತೂ ಆಗಲ್ಲ. ದಿನಾ ಹೋಗಿ ಬಂದ್ರೆ ನೀನೇ ಹಣ್ಣಾಗೋಗ್ತೀಯ."

"ನೋಡಾಣ ಅಂತೀನಿ."

"ಮೊದ್ಲ ಇಂಟರ್ನಲ್ ಪರೀಕ್ಷೆ ತನಕ ಹೋಗು. ಆಮೇಲೆ ಕೂತು ಮಾತಾಡಾಣ. ಮಗೀಗೆ ಏನಾದ್ರೂ ಹೆಚ್ಚುಕಮ್ಮಿ ಆಗಂಗಿದ್ರೆ ನಿಲ್ಸಿಬಿಡಬೇಕು."

ಮಾಲಿನಿ ಒಪ್ಪಿಕೊಂಡಳು.

ಆರೂಮುಕ್ಕಾಲಿಗೆ ಬಸ್ಸು. ನಾಲ್ಕೂವರೆಗೆ ಏಳುವುದು, ಅಡುಗೆ, ಆರೂಕಾಲಿಗೆ ಮಗಳನ್ನು ಎಬ್ಬಿಸಿ ಬೆರಳಿನ ತುದಿಯಿಂದ ಒಂದು ಹನಿ ರಕ್ತ ತೆಗೆದು ಮೀಟರಿನಲ್ಲಿ ನೋಡಿ, ಸೂಜಿ ಹಾಕಿ, ತಿಂಡಿ ತಿನ್ನಿಸಿ ಓಡುವುದು. ತರೀಕೆರೆಯವರೆಗೆ ನಿದ್ದೆ, ಅಲ್ಲಿಂದ ಮುಂದೆ ಸೀಟು ಸಿಕ್ಕರೆ ಓದು, ಸಿಗದಿದ್ದರೆ ಕಂಬಿ ಹಿಡಿದು ಮನಸ್ಸಿನಲ್ಲೇ ಥಿಯರಮ್ಮು. ಮೂರನೇ ವಾರಕ್ಕೆ ಕಾಲು ಊದಿತು. ಆರನೇ ವಾರ ಕ್ಲಾಸಿನಲ್ಲಿ ತೂಕಡಿಸಿ ಬೆಂಚಿಗೆ ಹಣೆ ಬಡಿಸಿಕೊಂಡಳು. ಮನೆಗೆ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತು ಮೀರಿರುತ್ತಿತ್ತು. ಆದರೂ, ಹನ್ನೊಂದು ವರ್ಷದ ಮೇಲೆ ಕರಿಹಲಗೆಯ ಮುಂದೆ ಕೂತು, ಒಂದು ಥಿಯರಮ್ಮಿನ ಸಾಧನೆಯ ಕೊನೇ ಸಾಲು ತನಗೇ ಮೊದಲು ಹೊಳೆದ ದಿನ ಅವಳಿಗೆ ಆದ ಖುಷಿಯನ್ನು ಮನೆಯಲ್ಲಿ ಯಾರಿಗೂ ಬಿಡಿಸಿ ಹೇಳುವುದು ಸಾಧ್ಯವಿರಲಿಲ್ಲ. ಒಳಗೊಳಗೇ ಇಟ್ಟುಕೊಂಡಳು.

ಇಂಟರ್ನಲ್ ಪರೀಕ್ಷೆಯ ದಿನ ಬಂತು. ಬೆಳಿಗ್ಗೆ ಐದಕ್ಕೇ ಶಿವನಿ ಕಡೆಯ ತೋಟವೊಂದರಲ್ಲಿ ಬೋರ್‌ವೆಲ್ಲಿನ ಮೋಟಾರು ಎತ್ತಬೇಕೆಂದು ರುದ್ರಮೂರ್ತಿ ಹೊರಟುಹೋಗಿದ್ದ. ಸ್ಫೂರ್ತಿ ಏಳುವುದಿಲ್ಲವೆಂದು ಹಟ ಮಾಡಿದಳು. ಸೂಜಿ ಹಾಕುವಾಗ ಗಂಟೆ ಆರೂವರೆ ದಾಟಿತ್ತು. ತಟ್ಟೆಯಲ್ಲಿ ಎರಡು ದೋಸೆ ಹಾಕಿ, "ಪೂರ್ತಿ ತಿನ್ಬೇಕು ಕಣೇ" ಎಂದು ಹೇಳಿ, ಅತ್ತೆಗೊಂದು ಕೂಗು ಹಾಕಿ ಮಾಲಿನಿ ಬಸ್‌ಸ್ಟ್ಯಾಂಡಿಗೆ ಓಡಿದಳು. ಮಗು ಮೊದಲ ತುತ್ತು ಬಾಯಿಗಿಟ್ಟದ್ದನ್ನು ನೋಡಿದ್ದಳು. ಎರಡನೆಯದನ್ನು ನೋಡಲಿಲ್ಲ.

ತರೀಕೆರೆಯಲ್ಲಿ ಬಸ್ಸು ಬದಲಾಯಿಸಿ ಎರಡು ಸ್ಟಾಪು ದಾಟಿದ್ದಳು. ಎಂಟು ಗಂಟೆಗೆ ಫೋನು ಬಂತು. ತೀರ್ಥಮ್ಮ ತಾನಾಗಿ ಫೋನು ಮಾಡುವವಳಲ್ಲ. ಹಸಿರು ಗುಂಡಿ ಒತ್ತಿದರೆ ಸೊಸೆಗೆ ಹೋಗುವ ಹಾಗೆ ಮಾಡಿಕೊಟ್ಟಿದ್ದರು ಅಷ್ಟೆ.

"ಮಾಲಿನೀ, ಮಗು ಏಳ್ತಾ ಇಲ್ಲ ಕಣೇ. ಮೈಯೆಲ್ಲ ಬೆವರು. ನಡುಗ್ತಾ ಐತೆ."

"ದೋಸೆ ತಿಂದ್ಳಾ?"

"ನೀನು ಅತ್ಲಾಗೆ ಹೋದೆ, ಅದು ಇತ್ಲಾಗೆ ಹೋಗಿ ಮಲ್ಕೊಂಡ್ತು. ನಾನು ಹಿತ್ತಿಲಲ್ಲಿ ಕರು ಕಟ್ಟಕ್ಕೆ ಹೋಗಿದ್ದೆ. ತಟ್ಟೆ ಹಂಗೇ ಐತೆ."

ಮಾಲಿನಿ ಲೆಕ್ಕ ಹಾಕಿದಳು. ಇನ್ಸುಲಿನ್ ಒಳಗೆ ಹೋಗಿ ಒಂದೂವರೆ ಗಂಟೆ. ಅನ್ನ ಹೋಗಿಲ್ಲ. ರಕ್ತದ ಸಕ್ಕರೆ ಕುಸಿಯುತ್ತ ಹೋದರೆ ಪ್ರಜ್ಞೆ ತಪ್ಪುತ್ತದೆ, ಫಿಟ್ಸ್ ಬರುತ್ತದೆ ಎಂದು ಕಡೂರಿನ ಡಾಕ್ಟರು ಎರಡೆರಡು ಸಲ ಹೇಳಿದ್ದರು.

"ಹೆಸರು ಹಿಡಿದು ಕರೀರಿ. ಕಣ್ಣು ಬಿಡ್ತಾಳಾ?"

"ಬಿಡ್ತು. ಹೂಂ ಅಂತು."

"ಎತ್ತಿ ಗೋಡೆಗೆ ಒರಗಿಸಿ ಕೂರಿಸ್ಕಳಿ. ಮೂರು ಚಮಚ ಸಕ್ಕರೆ, ಅರ್ಧ ಲೋಟ ನೀರಿಗೆ ಕದಡಿ. ಗುಟುಕು ಗುಟುಕಾಗಿ. ನುಂಗ್ತಾ ಇದಾಳಾ ನೋಡ್ಕೊಂಡೇ ಕೊಡಿ. ನುಂಗದಿದ್ರೆ ಹಾಕಬೇಡಿ."

ಲೋಟ ತಟ್ಟಿದ ಸದ್ದು, ಡಬ್ಬಿ ಬಿದ್ದ ಸದ್ದು. ಅಷ್ಟರಲ್ಲಿ ಲೈನು ಕಟ್ಟಾಯಿತು. ಮತ್ತೆ ಒತ್ತಿದಳು, ಸಿಗ್ನಲ್ ಇಲ್ಲ. ರುದ್ರಮೂರ್ತಿಗೆ ಒತ್ತಿದಳು, ಸ್ವಿಚ್ ಆಫ್. ಅವಳು ಎದ್ದು ನಿಂತು, "ಇಲ್ಲೇ ನಿಲ್ಸಿ" ಎಂದಳು. ಕಂಡಕ್ಟರು ಅವಳ ಮುಖ ನೋಡಿ ಸೀಟಿ ಊದಿದ.

ಬಸ್ಸು ಹೋಯಿತು. ರಸ್ತೆ ಪಕ್ಕದ ದಿಬ್ಬ ಹತ್ತಿದಾಗ ಎರಡು ಗೆರೆ ಸಿಗ್ನಲ್ ಬಂತು.

"ಕುಡೀತಾ ಐತೆ. ಅರ್ಧ ಚೆಲ್ತು, ಅರ್ಧ ಒಳಗೋಯ್ತು," ಎಂದಳು ತೀರ್ಥಮ್ಮ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ಈಗ ಮೀಟರು ತಗೊಳ್ಳಿ."

"ಅದೊಂದು ನನ್ ಕೈಲಾಗಲ್ಲ."

"ನಾನಿಲ್ಲ ಅತ್ತೆ. ಅವರೂ ಇಲ್ಲ. ನೀವೇ ಇರೋದು."

ಆ ಕಡೆ ಡಬ್ಬಿಯ ಮುಚ್ಚಳ ತೆರೆದ ಸದ್ದು. ರಕ್ತದ ಹನಿ ಹಾಕುವ ಪಟ್ಟಿಯನ್ನು ಮೀಟರಿಗೆ ಯಾವ ಕಡೆಯಿಂದ ತೂರಿಸಬೇಕು, ಬೆರಳಿನ ಯಾವ ಬದಿಗೆ ಚುಚ್ಚಬೇಕು, ಹನಿಯನ್ನು ಎಲ್ಲಿಗೆ ತಾಗಿಸಬೇಕು ಎಂದು ಮಾಲಿನಿ ಒಂದೊಂದಾಗಿ ಹೇಳಿದಳು. ಮೊದಲ ಸಲ ಪಟ್ಟಿ ಹಾಳಾಯಿತು. ಎರಡನೇ ಸಲ ಮೀಟರು ಕುಂಯ್ ಅಂದಿತು.

"ಎಷ್ಟು ಬಂತು?"

"ನಂಗೆಲ್ಲಿ ಓದಕ್ ಬತ್ತದೆ? ಕುರ್ಚಿ ತಲೆಕೆಳಗಾಗಿ ಇಟ್ಟಂಗೆ ಒಂದೈತೆ. ಅದರ ಪಕ್ಕ ಎರಡು ಗೂಡು, ಒಂದರ ಮ್ಯಾಲೊಂದು."

ನಲವತ್ತೆಂಟು. ಎಪ್ಪತ್ತಾದರೂ ಇರಬೇಕಿತ್ತು. "ಇನ್ನೊಂದು ಮೂರು ಚಮಚ ಹಂಗೇ ಕೊಡಿ. ಕಾಲು ಗಂಟೆ ಬಿಟ್ಟು ಮತ್ತೆ ಚುಚ್ಚಿ ನೋಡ್ಬೇಕು. ಅಷ್ಟರಲ್ಲಿ ಕಣ್ಣು ಮುಚ್ಚಿಬಿಟ್ರೆ ಪಕ್ಕದ ಮನೆ ಗಂಗಾಧರಯ್ಯನೋರ ಕಾರಲ್ಲಿ ಆಸ್ಪತ್ರೆಗೆ ಕರ್ಕೊಂಡೋಗಿ. ಫೋನ್ ಇಡಬೇಡಿ."

ಆ ಕಾಲು ಗಂಟೆ ಮಾಲಿನಿ ದಿಬ್ಬದ ಮೇಲೆ ಕೂರಲೂ ಇಲ್ಲ, ನಡೆಯಲೂ ಇಲ್ಲ. ಭದ್ರಾವತಿಯ ಕಡೆಗೆ ಒಂದು ಬಸ್ಸು ಹೋಯಿತು. ಅದನ್ನು ಹತ್ತಿದ್ದರೆ ಪರೀಕ್ಷೆ ಸಿಗುತ್ತಿತ್ತು. ತರೀಕೆರೆಯ ಕಡೆಗೂ ಒಂದು ಹೋಯಿತು. ಹತ್ತಿದರೆ ಸಿಗ್ನಲ್ ಹೋಗುತ್ತದೆಂದು ಅದನ್ನೂ ಬಿಟ್ಟಳು. ಫೋನಿನಲ್ಲಿ ತೀರ್ಥಮ್ಮ ಮೊಮ್ಮಗಳೊಂದಿಗೆ ಮಾತಾಡುತ್ತಲೇ ಇದ್ದಳು: ಕರುವಿಗೆ ಏನು ಹೆಸರಿಡಾಣ, ಹೇಳು, ನಿದ್ದೆ ಹೋಗಬೇಡ, ಹೇಳು. ಮಗುವಿನ ಉತ್ತರ ಕೇಳಿಸುತ್ತದೇನೋ ಎಂದು ಮಾಲಿನಿ ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡಳು.

ಕೊನೆಗೆ ಮೀಟರು ಮತ್ತೆ ಸದ್ದು ಮಾಡಿತು.

"ಒಂದು ಕುಡುಗೋಲು. ಪಕ್ಕದಲ್ಲಿ ಒಂದು ಕಡ್ಡಿ."

ಎಪ್ಪತ್ತೊಂದು. ಮಾಲಿನಿ ಅಲ್ಲೇ ಹುಲ್ಲಿನ ಮೇಲೆ ಕೂತಳು.

"ಅಮ್ಮ," ಎಂದಿತು ಮಗು, "ಅಜ್ಜಿ ಅಳ್ತಾ ಇದಾರೆ."

"ಈಗ ದೋಸೆ ತಿನ್ನು. ಅಜ್ಜಿ ಎದುರಿಗೇ ತಿನ್ನು."

ತೀರ್ಥಮ್ಮ ಫೋನು ತಗೊಂಡು, "ನೀನು ಪರೀಕ್ಷೆಗೆ ಹೋಗು. ನಾನು ನೋಡ್ಕಂತೀನಿ," ಎಂದಳು. ಮಾಲಿನಿಗೆ ಹೋಗಲಾಗಲಿಲ್ಲ. ಅಜ್ಜಂಪುರ ಮುಟ್ಟಿದಾಗ ಹತ್ತು ಗಂಟೆ. ಶಂಕರಘಟ್ಟದಲ್ಲಿ ಪ್ರಶ್ನೆಪತ್ರಿಕೆ ಹಂಚುತ್ತಿದ್ದ ಹೊತ್ತು.

ಸಂಜೆ ರುದ್ರಮೂರ್ತಿ ಎಲ್ಲ ಕೇಳಿಸಿಕೊಂಡ. ಚಾರ್ಜು ಮುಗಿದ ಫೋನನ್ನು ಅಂಗೈಯಲ್ಲಿ ತಿರುವುತ್ತ ಕೂತ.

"ನಿಲ್ಲಿಸ್ತೀನಿ," ಎಂದಳು ಮಾಲಿನಿ. "ತಪ್ಪು ನಂದು. ಸೂಜಿ ಹಾಕಿ ತಿನ್ನೋದು ನೋಡದೆ ಓಡಿದೆ. ಬಸ್ಸು ತಪ್ಪತ್ತೆ ಅಂತ ಹೆದರಿ ಓಡಿದೆ."

"ನಾನೂ ಅದನ್ನೇ ಹೇಳಾಣ ಅಂತಿದ್ದೆ," ಎಂದ ಅವನು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ತೀರ್ಥಮ್ಮ ಒಳಗೆ ಬಂದಳು. ಅವಳ ಮುಖದಲ್ಲಿ ಮರುಕವಿರಲಿಲ್ಲ, ಸಿಟ್ಟಿತ್ತು. "ಚುಚ್ಚಿ ಓಡೋದ್ಲಲ್ಲ, ಅದು ತಪ್ಪೇ. ನಾನು ಬಯ್ಯದೆ ಬಿಡಲ್ಲ. ಆದ್ರೆ ಎರಡು ವರ್ಸ ಮನೇಲಿದ್ದೂ ಆ ಡಬ್ಬಿ ಮುಟ್ಟದೆ ಹಿತ್ತಿಲಿಗೆ ಹೋದೋಳು ನಾನು. ಇವಳು ಕಾಲೇಜು ಬಿಟ್ಟು ಮನೇಲಿ ಕೂತ್ರೂ ಒಂದಿನ ಜ್ವರ ಬಂದು ಮಲಗ್ತಾಳೆ. ಅವತ್ತು ಯಾರು?" ಎಂದು ಮಗನತ್ತ ತಿರುಗಿದಳು. "ನೀನು ಮೋಟಾರು ಎತ್ತಕ್ಕೆ ಹೋಗಿರ್ತೀಯ."

ರುದ್ರಮೂರ್ತಿ ಎದ್ದು ಫೋನನ್ನು ಚಾರ್ಜಿಗೆ ಹಾಕಿದ.

"ಕಲ್ಸು ನಂಗೆ," ಎಂದು ಸೊಸೆಯ ಮುಂದೆ ಕೂತಳು. "ಕಲಿತ ಮ್ಯಾಲೆ ಹೋಗದೋ ಬಿಡದೋ ನೀನೇ ಹೇಳು. ಹೆದರ್ಕೊಂಡು ಹೇಳಬ್ಯಾಡ."

ಕಲಿಯಲು ಹದಿನೈದು ದಿನ ಹಿಡಿಯಿತು. ಮೊದಲು ಬದನೆಕಾಯಿಗೆ ಚುಚ್ಚಿದಳು, ಆಮೇಲೆ, ಬೇಡವೆಂದರೂ ಕೇಳದೆ, ಖಾಲಿ ಸೂಜಿಯನ್ನು ತನ್ನ ಹೊಟ್ಟೆಗೇ. ಅಂಕಿಗಳನ್ನು ಮಗುವೇ ಹೇಳಿಕೊಟ್ಟಿತು. ಆ ಹದಿನೈದು ದಿನ ಮಾಲಿನಿ ಕಾಲೇಜಿಗೆ ಹೋಗಲಿಲ್ಲ. ಮನೆಯಲ್ಲೇ ಇದ್ದು ಯೋಚಿಸಿದಳು. ಹಾಯಾಗಿದ್ದಳು, ಕಾಲು ಇಳಿಯಿತು, ನಿದ್ದೆ ಬಂತು. ಒಂದು ಮಧ್ಯಾಹ್ನ ಟ್ಯೂಷನ್ ಹುಡುಗಿ ಕೇಳಿದ ಪ್ರಶ್ನೆಗೆ ಉತ್ತರ ಹೇಳುತ್ತ ಹೇಳುತ್ತ, ಅದರ ಮುಂದಿನ ಮೆಟ್ಟಿಲು ತನ್ನ ಎಂ.ಎಸ್ಸಿ. ಕ್ಲಾಸಿನಲ್ಲಿ ಈಗ ನಡೆಯುತ್ತಿರಬೇಕು ಎಂದು ನೆನಪಾಗಿ ಮಾತು ನಿಂತುಹೋಯಿತು. ಹುಡುಗಿ ಕಾಯುತ್ತ ಕೂತಳು. ಕಾಲೇಜು ಬಿಡಲು ತನ್ನಿಂದಾಗದೆಂದು ಮಾಲಿನಿಗೆ ಅವತ್ತು ಗೊತ್ತಾಯಿತು.

ಆದರೆ ಮೊದಲಿನ ಹಾಗೆ ಹೋಗಲಿಲ್ಲ. ಹಾಜರಿ ನೂರಕ್ಕೆ ಎಪ್ಪತ್ತೈದು ಸಾಕೆಂದು ತಿಳಿದುಕೊಂಡು, ತಪ್ಪಿಹೋದ ದಿನಗಳನ್ನೂ ಹಿಡಿದು ಲೆಕ್ಕ ಹಾಕಿ, ತಿಂಗಳಿಗೆ ಎರಡು ಬುಧವಾರ ಮನೆಯಲ್ಲೇ ಉಳಿದಳು. ಬೆಳಗಿನ ಸೂಜಿಯನ್ನು ಅತ್ತೆಗೆ ಬಿಟ್ಟಳು. ಸ್ಫೂರ್ತಿ ಈಗ ಏಳಕ್ಕೆ ಎದ್ದರಾಯಿತು. ರುದ್ರಮೂರ್ತಿ ಎರಡನೇ ಫೋನು ಇಟ್ಟುಕೊಂಡ. ತಪ್ಪಿದ ಪರೀಕ್ಷೆಯ ಅಂಕ ತಪ್ಪಿಯೇ ಹೋಯಿತು. ಮೊದಲ ಸೆಮಿಸ್ಟರಿನಲ್ಲಿ ಒಂದು ಪೇಪರು ಐದು ಅಂಕ ಕಡಿಮೆಯಾಗಿ ಫೇಲಾಯಿತು. ಮುಂದಿನ ವರ್ಷ ಕಟ್ಟಿ ಪಾಸು ಮಾಡಿದಳು. ಮೊದಲಿಗಳಂತೂ ಆಗಲಿಲ್ಲ. ಇನ್ನೆರಡು ಸಲ ಮಗುವಿನ ಸಕ್ಕರೆ ಕುಸಿಯಿತು. ಒಂದನ್ನು ತೀರ್ಥಮ್ಮ ಆಗಲೇ ಫೋನು ಮಾಡದೆ, ಸಂಜೆ ಸೊಸೆ ಮನೆಗೆ ಬಂದ ಮೇಲೆ ಹೇಳಿದಳು. ಅದಕ್ಕೆ ಅತ್ತೆ ಸೊಸೆಯರ ನಡುವೆ ದೊಡ್ಡ ಜಗಳವೇ ಆಯಿತು.

ಈಗ ಮಾಲಿನಿಯದು ಕೊನೇ ಸೆಮಿಸ್ಟರು. ಈಚೆಗೆ ತರೀಕೆರೆ ಬಸ್‌ಸ್ಟ್ಯಾಂಡಿನಲ್ಲಿ ದೇವನೂರಿನ ಯಲ್ಲಮ್ಮ ಎಂಬ ಹೆಂಗಸು ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅವಳನ್ನು ಮಾತಾಡಿಸಿದಳು. ಮಗಳಿಗೂ ಶಂಕರಘಟ್ಟದಲ್ಲಿ ಸೀಟು ಸಿಕ್ಕಿದೆ, ಹಾಸ್ಟೆಲ್ ಸಿಕ್ಕಿಲ್ಲ. "ದಿನಾ ಅಷ್ಟು ದೂರ ಓಡಾಡಿದ್ರೆ ಏನಾದ್ರೂ ದಕ್ಕತೈತಾ? ನೀವು ನೋಡಿದೋರು, ಹೇಳಿ."

ಹೌದು ಎನ್ನಲು ಮಾಲಿನಿ ಬಾಯಿ ತೆರೆದಳು. ದಿಬ್ಬದ ಮೇಲಿನ ಆ ಕಾಲು ಗಂಟೆ ನೆನಪಾಯಿತು.

"ಮೊದ್ಲು ನಿಮ್ಮನೇಲಿ ಯಾರ್ಯಾರು ಇದೀರ ಹೇಳಿ," ಎಂದು ಚೀಲ ಪಕ್ಕಕ್ಕಿಟ್ಟು, ಆ ಹುಡುಗಿಗೆ ಬೆಂಚಿನ ಮೇಲೆ ಜಾಗ ಮಾಡಿಕೊಟ್ಟಳು. ಭದ್ರಾವತಿ ಬಸ್ಸಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು.