ಹೇಳದೆ ತಂದ ಕೆಮ್ಮು

ಕಾವೂರಿನ ಮನೆಯಿಂದ ನಾನು ಹಜ್‌ಗೆ ಹೊರಟದ್ದು ಮೇ ತಿಂಗಳ ಒಂದು ಬೆಳಿಗ್ಗೆ ಏಳಕ್ಕೆ. ಮಂಗಳೂರಿನ ವಿಮಾನ ನಿಲ್ದಾಣ ನಮ್ಮ ಮನೆಗೆ ಆಟೋದಲ್ಲಿ ಹೋಗುವಷ್ಟು ಹತ್ತಿರ. ಆದರೆ ನಮ್ಮ ಹಜ್ ವಿಮಾನ ಇದ್ದದ್ದು ಬೆಂಗಳೂರಿನಿಂದ. ಮುನ್ನೂರೈವತ್ತು ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ಅಲ್ಲಿ ವಿಮಾನ ಹತ್ತಬೇಕಿತ್ತು. ಅದನ್ನು ಬೈಯುತ್ತಲೇ ಬ್ಯಾಗು ಕಟ್ಟಿದೆ. ಬೈಯುವುದು ನನ್ನ ಸ್ವಭಾವ. ಉರ್ವ ಮಾರ್ಕೆಟಿನ ಹತ್ತಿರ ಇಪ್ಪತ್ತೆಂಟು ವರ್ಷಗಳಿಂದ ಮೆಡಿಕಲ್ ಶಾಪ್ ಇಟ್ಟುಕೊಂಡವನು ನಾನು. ಮಾತ್ರೆಯನ್ನು ಅರ್ಧಕ್ಕೆ ಬಿಡುವವರನ್ನು, ಡಾಕ್ಟರ ಚೀಟಿ ಇಲ್ಲದೆ ಬರುವವರನ್ನು ಬೈದು ಬೈದು ನಾಲಿಗೆ ಹಾಗೆಯೇ ಆಗಿಬಿಟ್ಟಿದೆ.

ಹಿಂದಿನ ದಿನ ಉಳ್ಳಾಲಕ್ಕೆ ಹೋಗಿ ತಂಗಿ ಮೈಮೂನಳಿಗೆ ಹೇಳಿ ಬಂದಿದ್ದೆ. ಅವಳ ಎರಡೂ ಕಿಡ್ನಿ ಹೋಗಿ ನಾಲ್ಕು ವರ್ಷವಾಗಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಕರೆದುಕೊಂಡು ಹೋಗಿ ಬರುವವಳು ನನ್ನ ಹೆಂಡತಿ ನಫೀಸ. ಅದಕ್ಕಾಗಿಯೇ ಅವಳು ನನ್ನ ಜೊತೆ ಹೊರಡಲಿಲ್ಲ. ಮೈಮೂನ ದಿನಕ್ಕೆ ಒಂದು ಲೀಟರಿಗಿಂತ ಹೆಚ್ಚು ನೀರು ಕುಡಿಯುವಂತಿರಲಿಲ್ಲ. ಬೆಳಿಗ್ಗೆ ಒಂದು ಬಾಟಲಿ ತುಂಬಿ ತಲೆದೆಸೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಅದಕ್ಕೆ ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದಿದ್ದಳು. ಚಾ ಕುಡಿದರೆ ಅಷ್ಟು ನೀರನ್ನು ಬಾಟಲಿಯಿಂದ ಚೆಲ್ಲುವಳು, ಗಂಜಿತಿಳಿ ಕುಡಿದರೂ ಚೆಲ್ಲುವಳು. ಇಷ್ಟು ಶಿಸ್ತಿನ ರೋಗಿಯನ್ನು ನನ್ನ ಅಂಗಡಿಯಲ್ಲಿ ನಾನು ನೋಡಿದ್ದಿಲ್ಲ.

ಅಣ್ಣನಾದ ನನ್ನನ್ನು ಅವಳು ಕಾಕ ಎನ್ನುತ್ತಿದ್ದಳು. "ಕಾಕ, ನಂಗೆ ಮಕ್ಕಾದ ಝಂಝಂ ನೀರು ತಾ. ಹೆಚ್ಚು ಬೇಡ, ಅರ್ಧ ಗ್ಲಾಸ್ ಸಾಕು. ಆ ದಿನ ಚಾ ಬಿಡ್ತೇನೆ," ಎಂದಳು. ನಾನೇ ಕುಡಿಸುತ್ತೇನೆ ಎಂದು ಮಾತು ಕೊಟ್ಟೆ.

ಬಸ್ಸಿನಲ್ಲಿ ಪಕ್ಕದ ಸೀಟಿಗೆ ಸಿಕ್ಕಿದವರು ಹಸನಬ್ಬ. ಬಂದರಿನಲ್ಲಿ ದಿನಸಿಯ ಸಗಟು ಅಂಗಡಿ, ಮನೆ ಉಳ್ಳಾಲದಲ್ಲಿ, ಮೈಮೂನಳ ಮನೆಯಿಂದ ಎರಡು ಗಲ್ಲಿ ಆಚೆ. ವಯಸ್ಸು ಅರವತ್ತಾರು. ಇಪ್ಪತ್ತು ವರ್ಷ ಹಜ್‌ಗೆ ಹೋಗಬೇಕೆಂದು ಹೇಳಿ ಹೇಳಿ, ಹೆಣ್ಣುಮಕ್ಕಳ ಮದುವೆ ಮುಗಿಸಿ ಈಗ ಹೊರಟಿದ್ದರು. ಒಳ್ಳೆಯ ಮನುಷ್ಯ, ವಿಪರೀತ ಒಳ್ಳೆಯ ಮನುಷ್ಯ. ಶಿರಾಡಿ ಘಾಟಿ ಹತ್ತುವಷ್ಟರಲ್ಲಿ ಬಸ್ಸಿನಲ್ಲಿ ಎಲ್ಲರಿಗೂ ಚಕ್ಕುಲಿ ಹಂಚಿ ಆಗಿತ್ತು. ಲಸಿಕೆ ಹಾಕಿಸಿದ ದಿನದ ಕಥೆ ಹೇಳಿ ನಗಿಸಿದರು. ಸೂಜಿ ಚುಚ್ಚಿದ್ದು ಸರಿ, ಪೋಲಿಯೋ ಹನಿ ಹಾಕುವಾಗ ತಾನು ಮೊಮ್ಮಕ್ಕಳ ಹಾಗೆ ಬಾಯಿ ತೆರೆದು ನಿಂತದ್ದನ್ನು ಯಾರೋ ಫೋಟೋ ತೆಗೆದರಂತೆ.

ಜಿದ್ದಾದಲ್ಲಿ ಇಳಿದಾಗ ಬಿಸಿಗಾಳಿ ಮುಖಕ್ಕೆ ಹೊಡೆಯಿತು, ಬೇಕರಿಯ ಒಲೆಯ ಬಾಗಿಲು ತೆರೆದ ಹಾಗೆ. ಮಕ್ಕಾದ ಅಜೀಝಿಯಾದಲ್ಲಿ ನಮಗೆ ಕೋಣೆ. ಐದು ಮಂಚ, ಒಂದು ಎಸಿ, ತೆರೆಯಲು ಬಾರದ ಒಂದು ಕಿಟಕಿ. ಹಸನಬ್ಬರ ಮಂಚ ನನ್ನದಕ್ಕೆ ತಾಗಿಕೊಂಡೇ ಇತ್ತು. ಕಾಬಾ ಇರುವ ಹರಮ್ ಮಸೀದಿಗೆ ಹೋಗಲು ಉಚಿತ ಬಸ್ಸು ಇತ್ತು; ಹಜ್ ಹತ್ತಿರ ಬಂದಂತೆ ಅದು ನಿಂತು, ಇಪ್ಪತ್ತು ರಿಯಾಲ್ ಕೇಳುತ್ತಿದ್ದ ಟ್ಯಾಕ್ಸಿಯವರು ಎಂಬತ್ತು ಕೇಳತೊಡಗಿದರು. ಊಟಕ್ಕೆ ಕುಬ್ಬೂಸ್ ರೊಟ್ಟಿ, ಕೋಳಿ. ಮೂರನೆಯ ದಿನಕ್ಕೆ ಎಲ್ಲರೂ ಗಂಜಿ ಗಂಜಿ ಎನ್ನತೊಡಗಿದೆವು.

ಕಾಬಾವನ್ನು ಮೊದಲ ಸಲ ಕಂಡಾಗ ನಾನು ಅತ್ತೆ. ಅದರ ಬಗ್ಗೆ ಬರೆಯುವುದಿಲ್ಲ. ಬರೆಯಲು ಬರುವುದೂ ಇಲ್ಲ. ನಾನು ಬರೆಯಬೇಕಾಗಿರುವುದು ಕೆಮ್ಮಿನ ಬಗ್ಗೆ.

ಕೆಮ್ಮು ಮೊದಲು ಲಿಫ್ಟಿನಲ್ಲಿ ಕೇಳಿಸಿತು, ಆಮೇಲೆ ಬಸ್ಸಿನಲ್ಲಿ, ಆಮೇಲೆ ನಮಾಜಿನ ಸಾಲಿನಲ್ಲಿ ಈ ತುದಿಯಿಂದ ಆ ತುದಿಯವರೆಗೆ. ಯಾರೂ ತಲೆಕೆಡಿಸಿಕೊಳ್ಳಲಿಲ್ಲ. "ಹಜ್‌ಗೆ ಬಂದವರಿಗೆ ಕೆಮ್ಮು ಉಂಟೇ ಉಂಟು," ಎಂದು ಹಿಂದೊಮ್ಮೆ ಬಂದಿದ್ದವರು ಹೆಮ್ಮೆಯಿಂದಲೇ ಹೇಳುತ್ತಿದ್ದರು. ನಾನು ಊರಿನಿಂದ ಐದು ಡಬ್ಬಿ ಮಾಸ್ಕ್ ತಂದಿದ್ದೆ. ಹೊಲಿಗೆಯಿಲ್ಲದ ಬಿಳಿ ಬಟ್ಟೆಯ ಇಹ್ರಾಮಿನಲ್ಲಿ ಮಾಸ್ಕ್ ಆಗುತ್ತದೋ ಇಲ್ಲವೋ ಎಂದು ಚರ್ಚೆಯಾಯಿತು. ನಮ್ಮ ತಂಡದ ಉಸ್ತಾದರು ತೊಂದರೆಯಿಲ್ಲ ಎಂದ ಮೇಲೂ ಸೆಖೆಗೆ ಒಬ್ಬೊಬ್ಬರೇ ತೆಗೆದು ಗಲ್ಲಕ್ಕೆ ಇಳಿಸಿಕೊಂಡರು. ನಾನೂ ಇಳಿಸಿಕೊಂಡೆ. ಅಂಗಡಿಯಲ್ಲಿ ಕುಳಿತು ಊರಿಗೆಲ್ಲ ಉಪದೇಶ ಹೇಳುವವನ ಹಣೆಬರಹ ಇಷ್ಟೇ.

ಹಸನಬ್ಬರಿಗೆ ಜ್ವರ ಬಂದದ್ದು ಹಜ್‌ನ ವಿಧಿಗಳು ಶುರುವಾಗುವ ಮೀನಾಕ್ಕೆ ಹೊರಡುವ ಹಿಂದಿನ ದಿನ. ನಮ್ಮ ದೇಶದ ಡಾಕ್ಟರುಗಳ ಡಿಸ್ಪೆನ್ಸರಿ ಕಟ್ಟಡದಿಂದ ಐದು ನಿಮಿಷದ ದಾರಿ. ಹೋಗಿ ಬನ್ನಿ ಎಂದೆ. "ಕೋಣೆಯಲ್ಲೇ ಮೆಡಿಕಲ್ ಇರುವಾಗ ಡಾಕ್ಟರ್ ಎಂತಕ್ಕೆ ಮಾರಾಯ್ರೆ?" ಎಂದು ನಕ್ಕರು. ನನಗೆ ಆ ಮಾತು ಹಿತವಾಯಿತು, ಸುಳ್ಳು ಯಾಕೆ ಹೇಳಲಿ? ನನ್ನ ಚೀಲದಿಂದ ಸಿರಪ್ ಕೊಟ್ಟೆ, ಜ್ವರದ ಮಾತ್ರೆ ಕೊಟ್ಟೆ, ಅರ್ಧ ಉಳಿದಿದ್ದ ಒಂದು ಆ್ಯಂಟಿಬಯೋಟಿಕ್ ಪಟ್ಟಿಯನ್ನೂ ಕೊಟ್ಟೆ. ಊರಿನಲ್ಲಿ ಯಾರಾದರೂ ಹಾಗೆ ಮಾಡಿದರೆ ಕೌಂಟರಿನಿಂದ ಹೊರಗೆ ಬಂದು ಬೈಯುತ್ತಿದ್ದೆ. ಬರೀ ಶೀತ, ಏನೂ ಇಲ್ಲ ಎಂದೂ ಹೇಳಿದೆ.

ಮೀನಾದ ಡೇರೆಯಲ್ಲಿ ಒಬ್ಬೊಬ್ಬರಿಗೆ ಸಿಕ್ಕಿದ ಹಾಸಿಗೆಯ ಅಗಲ ಒಂದೂವರೆ ಅಡಿ. ಮಗ್ಗುಲು ಬದಲಿಸಿದರೆ ಪಕ್ಕದವರ ಉಸಿರು ಮುಖಕ್ಕೆ ಬರುತ್ತಿತ್ತು. ಶೌಚಾಲಯದ ಸಾಲಿನಲ್ಲಿ ಮುಕ್ಕಾಲು ಗಂಟೆ ನಿಲ್ಲಬೇಕಿತ್ತು. ಆ ಸಾಲಿಗೆ ಹೆದರಿ, ನಮಾಜಿಗೆ ಕೈಕಾಲು ತೊಳೆದ ವುಝೂ ಮುರಿದೀತೆಂದು ಹೆದರಿ, ನೀರು ಕುಡಿಯುವುದನ್ನೇ ಬಿಟ್ಟ ಮುದುಕರನ್ನು ನೋಡಿದೆ. ಊರಿನಲ್ಲಿ ನನ್ನ ತಂಗಿ ನೀರಿಗಾಗಿ ಬಾಯಿ ಬಿಡುತ್ತಿದ್ದಾಳೆ, ಇಲ್ಲಿ ಇವರು ಬಾಟಲಿ ಕೈಯಲ್ಲಿ ಹಿಡಿದು ಒಣಗುತ್ತಿದ್ದಾರೆ ಎಂದು ಸಿಟ್ಟು ಬಂತು. ಓಆರ್‌ಎಸ್ ಕಲಸಿ, ಗದರಿಸಿ ಕುಡಿಸಿದೆ.

ಹಜ್‌ನ ಮುಖ್ಯ ಪ್ರಾರ್ಥನೆಯ ಬಯಲು ಅರಫಾತ್ ಅಲ್ಲಿಂದ ಹದಿನಾಲ್ಕು ಕಿಲೋಮೀಟರ್. ಆ ಮಧ್ಯಾಹ್ನ ಕೊಡೆಯ ಹಿಡಿಕೆಯೂ ಕೈ ಸುಡುತ್ತಿತ್ತು. ಜನ ಕೈಯೆತ್ತಿ ಅಳುತ್ತಿದ್ದರು, ನಡುನಡುವೆ ಆಂಬುಲೆನ್ಸಿನ ಸದ್ದು. ರಸ್ತೆಯ ಬದಿಯಲ್ಲಿ ಒಬ್ಬರನ್ನು ಮಲಗಿಸಿ ಅವರದೇ ಇಹ್ರಾಮಿನ ಬಟ್ಟೆ ಮುಖಕ್ಕೆ ಹೊದಿಸಿದ್ದರು. ಅವರ ಕಾಲಿನ ಹತ್ತಿರ ಹೆಂಗಸೊಬ್ಬಳು ಕೊಡೆ ಹಿಡಿದೇ ಕುಳಿತಿದ್ದಳು, ಇನ್ನೂ ಬಿಸಿಲು ತಾಗಬಾರದು ಎನ್ನುವಂತೆ. ನಾವು ಸತ್ತವರಿಗೆ ಹೇಳುವ ಇನ್ನಾಲಿಲ್ಲಾಹಿ ಹೇಳಿ ಮುಂದೆ ನಡೆದೆವು. ನಿಲ್ಲುವುದಕ್ಕೆ ಜಾಗವಿರಲಿಲ್ಲ.

ಮರುದಿನ ಹಜ್‌ನ ವಿಧಿಯಂತೆ ತಲೆ ಬೋಳಿಸುವಾಗ ನಾನು ಊರಿನಿಂದ ತಂದ ಹೊಸ ಬ್ಲೇಡನ್ನೇ ಹಾಕಿಸಿದೆ. ಬೀದಿಯಲ್ಲಿ ಒಂದೇ ಕತ್ತಿಯಲ್ಲಿ ಹತ್ತು ತಲೆ ಬೋಳಿಸುತ್ತಿದ್ದುದನ್ನು ನೋಡಿ ಹಸನಬ್ಬರಿಗೂ ಒಂದು ಬ್ಲೇಡ್ ಕೊಟ್ಟೆ. ಬ್ಲೇಡಿನ ವಿಷಯದಲ್ಲಿ ಅಷ್ಟು ಜಾಗ್ರತೆ ನನಗೆ.

ಮಕ್ಕಾಕ್ಕೆ ಮರಳಿದ ಮೇಲೆ ನನಗೇ ಜ್ವರ ಬಂತು. ಎದೆಯಲ್ಲಿ ಗೊರಗೊರ. ಡಿಸ್ಪೆನ್ಸರಿಗೆ ಹೋದೆ. ಹೈದರಾಬಾದಿನ ಕಡೆಯ ಚಿಕ್ಕ ವಯಸ್ಸಿನ ಡಾಕ್ಟರು, ನಿದ್ದೆಯಿಲ್ಲದ ಕಣ್ಣು. ಎಕ್ಸರೇ ತೆಗೆಸಿ, ಮೂಗಿಗೆ ಕಡ್ಡಿ ಹಾಕಿ ಪರೀಕ್ಷೆ ಮಾಡಿ ನ್ಯುಮೋನಿಯಾ ಎಂದರು, ಇನ್‌ಫ್ಲುಯೆಂಜಾದಿಂದ ಬಂದದ್ದು. ಕೋಣೆಯಲ್ಲಿ ಬೇರೆ ಯಾರಾದರೂ ಕೆಮ್ಮುತ್ತಿದ್ದರೆ ಕರೆದುಕೊಂಡು ಬನ್ನಿ ಎಂದರು. ಮನೆಯಲ್ಲಿ ವಯಸ್ಸಾದವರು, ಕಾಯಿಲೆಯವರು ಇದ್ದಾರಾ ಎಂದು ಕೇಳಿದರು. ತಂಗಿಯ ವಿಷಯ ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ, ಕೆಮ್ಮು ಪೂರ್ತಿ ಹೋಗುವವರೆಗೆ ಅವಳ ಕೋಣೆಗೆ ಕಾಲಿಡಬೇಡಿ ಎಂದರು.

ನಾನು ಕೋಣೆಗೆ ಬಂದು ಹಸನಬ್ಬರಿಗೆ ಏನೂ ಹೇಳಲಿಲ್ಲ. ಅವರ ಜ್ವರ ಇಳಿದಿತ್ತು, ಕೆಮ್ಮು ಇತ್ತು. ಮದೀನಾಕ್ಕೆ ಹೊರಡಲು ಎರಡು ದಿನ ಉಳಿದಿತ್ತು. ನನಗೆ ಮಾತ್ರೆ ಕೊಟ್ಟು ಕಳಿಸಿದ್ದರು; ಅವರನ್ನು ಆ ವಯಸ್ಸಿಗೆ ವಾರ್ಡಿಗೆ ಹಾಕಿದರೆ ಮದೀನಾ ತಪ್ಪುತ್ತದೆ, ಇಪ್ಪತ್ತು ವರ್ಷದ ಆಸೆ ಮಣ್ಣುಪಾಲಾಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಬರೀ ಶೀತ ಎಂದು ಹೇಳಿ ಅರ್ಧ ಪಟ್ಟಿ ಮಾತ್ರೆ ಕೊಟ್ಟದ್ದನ್ನು ಒಪ್ಪಿಕೊಳ್ಳಬೇಕಾಗುತ್ತದಲ್ಲ, ಅದು ಇನ್ನರ್ಧ.

ಮದೀನಾದ ಎಂಟು ದಿನ ತಂಪಾಗಿ ಕಳೆದವು. ವಾಪಸು ಬೆಂಗಳೂರಿನಲ್ಲಿ ಇಳಿದಾಗ ತಲೆಗೆ ಐದು ಲೀಟರಿನಂತೆ ಝಂಝಂ ಕ್ಯಾನು ಕೊಟ್ಟರು. ಹಸನಬ್ಬರ ಅಳಿಯ ಗಾಡಿ ತಂದಿದ್ದ. ಒಂಬತ್ತು ಗಂಟೆಯ ದಾರಿ, ಗಾಜು ಏರಿಸಿದ ಎಸಿ ಗಾಡಿ. ಹಸನಬ್ಬ ಒಂದು ಕರ್ಚೀಫು ಪೂರ್ತಿ ಒದ್ದೆಯಾಗುವಷ್ಟು ಕೆಮ್ಮಿದರು. ಸಕಲೇಶಪುರದಲ್ಲಿ ಚಾ ಕುಡಿಯುವಾಗ ಹೇಳೋಣ ಎಂದುಕೊಂಡೆ. ಉಪ್ಪಿನಂಗಡಿಯಲ್ಲಿ ಹೇಳೋಣ ಎಂದುಕೊಂಡೆ. ಮಂಗಳೂರಿನ ಪಂಪ್‌ವೆಲ್ ಬಂತು.

ಹಜ್‌ನಿಂದ ಬಂದವನನ್ನು ನೋಡಲು ನಮ್ಮಲ್ಲಿ ಊರೇ ಬರುತ್ತದೆ. ತಬ್ಬಿಕೊಳ್ಳುತ್ತಾರೆ, ತಮಗಾಗಿ ದುಆ, ಪ್ರಾರ್ಥನೆ ಮಾಡಿಸಿಕೊಳ್ಳುತ್ತಾರೆ. ಹಾಜಿಯ ದುಆಕ್ಕೆ ಬೆಲೆ ಹೆಚ್ಚು ಎಂಬ ನಂಬಿಕೆ. ನಾನು ಮೇಲಿನ ಕೋಣೆ ಸೇರಿ ಬಾಗಿಲು ಹಾಕಿಕೊಂಡೆ. ಬಂದವರಿಗೆಲ್ಲ ನಫೀಸ, ಅವರಿಗೆ ಆಯಾಸ ಎಂದಳು. ಅವಳಿಗೂ ನಾನು ಅಷ್ಟೇ ಹೇಳಿದ್ದೆ. ಡಯಾಲಿಸಿಸ್‌ಗೆ ಮೈಮೂನಳ ಜೊತೆ ಕೆಲವು ದಿನ ಅವಳ ಸೊಸೆಯೇ ಹೋಗಲಿ ಎಂದೂ ಹೇಳಿದೆ, ಕಾರಣ ಹೇಳಲಿಲ್ಲ. ಕಾರಣ ಬಾಯಿಗೆ ಬರಲಿಲ್ಲ. ಅಂಥ ಜಾಗದಿಂದ ಕಾಯಿಲೆ ತಂದೆ ಎಂದು ಹೇಗೆ ಹೇಳುವುದು? ಆ ಮಣ್ಣಿಗೇ ಕೆಟ್ಟ ಹೆಸರು ತಂದ ಹಾಗೆ. ನಮ್ಮವರಲ್ಲಿ ಯಾರೂ ಹಾಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಮೊದಲನೆಯವನಾಗುವ ಧೈರ್ಯ ನನಗಿರಲಿಲ್ಲ.

ಮೈಮೂನ ಫೋನ್ ಮಾಡಿದಳು. ನಾಲ್ಕು ದಿನ ಕಳೆದು ಬರುತ್ತೇನೆ ಎಂದೆ. "ಎಂತ ಕಾಕ, ಜ್ವರವಾ?" ಎಂದು ಕೇಳಿದಳು. ಇಲ್ಲ, ಬರೀ ಆಯಾಸ ಎಂದೆ. ಅವಳು, ಹಾಜಿ ಆದ ಮೇಲೆ ದೊಡ್ಡ ಮನುಷ್ಯ ಆಗಿದ್ದೀ ಎಂದು ನಗಾಡಿದಳು. ಬೇಜಾರಾಗಿದೆ ಎಂದು ಗೊತ್ತಾಯಿತು.

ಮೂರನೆಯ ದಿನ ಹಸನಬ್ಬ ಫೋನ್ ಮಾಡಿದರು. ಮೈಮೂನ ದಾರಿ ಕಾಯುತ್ತಿದ್ದಾಳೆ ಎಂದು ಅವರ ಮನೆಯವರು ಕೇಳಿಕೊಂಡು ಬಂದಿದ್ದರಂತೆ.

"ನಿಮಗೆ ಆಯಾಸ ಅಲ್ವಾ, ನೀವು ಮಲಗಿ. ನಾನೇ ಹೋಗಿ ನೀರು ಕೊಟ್ಟು ದುಆ ಮಾಡಿ ಬರ್ತೇನೆ. ಎರಡು ಗಲ್ಲಿ, ಎಂತ ಕಷ್ಟ ಉಂಟು?"

ಅಷ್ಟು ಹೇಳುವಷ್ಟರಲ್ಲಿ ಎರಡು ಸಲ ಕೆಮ್ಮಿದರು. ಹೋಗಬೇಡಿ, ನಿಮ್ಮ ಎದೆಯಲ್ಲಿರುವುದು ಶೀತವಲ್ಲ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಹೇಳಿದ್ದು, ಮಾಸ್ಕ್ ಹಾಕಿಕೊಂಡು ಹೋಗಿ ಎಂದು. ದುಆ ಓದಿ ನೀರಿಗೆ ಊದುವಾಗ ಮಾಸ್ಕ್ ಹಾಕುವುದು ಹೇಗೆ ಎಂದು ಅವರು ನಕ್ಕರು. ಸರಿ, ಆಗಲಿ ಎಂದು ನಾನು ಫೋನ್ ಇಟ್ಟೆ.

ಆಮೇಲಿನದ್ದು ಮೈಮೂನಳ ಸೊಸೆ ಹೇಳಿದ್ದು. ಹಸನಬ್ಬ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಮುಕ್ಕಾಲು ಗಂಟೆ ಕುಳಿತರು. ಅರ್ಧ ಗ್ಲಾಸ್ ಝಂಝಂ ಹಿಡಿದು, ಕುರಾನಿನ ಫಾತಿಹಾ ಓದಿ, ಮೂರು ಸಲ ನೀರಿಗೆ ಊದಿದರು. ಕೆಮ್ಮು ಬಂದಾಗ ಪಾಪ ಮುಖ ತಿರುಗಿಸಿದರು. ಮೈಮೂನ ಬಾಟಲಿಯಿಂದ ಅರ್ಧ ಗ್ಲಾಸ್ ನೀರು ಚೆಲ್ಲಿ, ಆಮೇಲೆ ಆ ನೀರನ್ನು ಒಂದೊಂದೇ ಗುಟುಕು ಕುಡಿದಳು. ಆ ದಿನ ಚಾ ಬೇಡ ಎಂದಳು.

ನಾಲ್ಕು ದಿನಕ್ಕೆ ಅವಳಿಗೆ ಜ್ವರ, ಆರನೆಯ ದಿನಕ್ಕೆ ಐಸಿಯು. ಹನ್ನೊಂದನೆಯ ದಿನ ತೀರಿಕೊಂಡಳು. ಇಂಥವರಿಂದಲೇ ಬಂತು ಎಂದು ಯಾವ ಡಾಕ್ಟರೂ ಬರೆದುಕೊಡುವುದಿಲ್ಲ. ಡಯಾಲಿಸಿಸ್ ವಾರ್ಡಿನಲ್ಲೂ ಬಂದಿರಬಹುದು ಎಂದರು. ಇರಬಹುದು. ನಾನು ಅವಳಿಗೆ ಕೊಟ್ಟ ಮಾತಿನಂತೆ ಝಂಝಂ ಕುಡಿಸಲಿಲ್ಲ, ಗೋರಿಗೆ ಮೂರು ಹಿಡಿ ಮಣ್ಣು ಹಾಕಿದೆ.

ಹಸನಬ್ಬ ಮಯ್ಯತ್ತು ಮಣ್ಣು ಮಾಡಿದ ದಿನ ನನ್ನ ಕೈ ಹಿಡಿದು ಅತ್ತರು. ಝಂಝಂ ಕುಡಿದೇ ಹೋದಳಲ್ಲ, ಅದೊಂದು ಸಮಾಧಾನ ಎಂದರು. ಹೌದು ಎಂದೆ.

ಈ ವರ್ಷ ಹಜ್‌ಗೆ ಹೊರಡುವವರ ಕ್ಲಾಸಿಗೆ, ಮೆಡಿಕಲಿನವರು ಎಂದು, ಆರೋಗ್ಯದ ಬಗ್ಗೆ ಮಾತನಾಡಲು ನನ್ನನ್ನು ಕರೆದರು. ಉಳ್ಳಾಲದ ಒಂದು ಮದರಸದ ಸಭಾಂಗಣ. ಕೊಡೆ, ಓಆರ್‌ಎಸ್, ಬ್ಲೇಡು, ನೀರು ಎಲ್ಲ ಹೇಳಿದೆ. ಆಮೇಲೆ ಉಳಿದದ್ದನ್ನೂ ಹೇಳಿದೆ. ಹೆಸರು ಹೇಳಲಿಲ್ಲ, ಕೋಣೆಯ ಗೆಳೆಯರೊಬ್ಬರು, ಊರಿನಲ್ಲೊಬ್ಬಳು ರೋಗಿ ಎಂದೆ. ಕೆಮ್ಮು ತಂದರೆ ಬಾಯಿ ಬಿಟ್ಟು ಹೇಳಿ, ಅದರಿಂದ ಹಜ್‌ನ ಮರ್ಯಾದೆ ಹೋಗುವುದಿಲ್ಲ ಎಂದೆ. ಹೋಗಿ ಬಂದವರನ್ನೂ ಕರೆದಿದ್ದರು; ಹಸನಬ್ಬ ಮುಂದಿನ ಸಾಲಿನಲ್ಲೇ ಕುಳಿತಿದ್ದರು. ಮೊದಲು ತಲೆಯಾಡಿಸುತ್ತಿದ್ದವರು ಆಮೇಲೆ ಆಡಿಸಲಿಲ್ಲ.

ಹೊರಗೆ ಚಪ್ಪಲಿ ಹುಡುಕುವಾಗ ಅವರು ನನ್ನ ಪಕ್ಕ ಬಂದು ನಿಂತರು.

"ನಾನು ಫೋನ್ ಮಾಡಿದಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು," ಎಂದೆ.

ಅವರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು. ನಾನೂ ಕುಳಿತೆ. ಜನರೆಲ್ಲ ಹೋಗಿ ಅಲ್ಲಿ ನಮ್ಮಿಬ್ಬರ ಚಪ್ಪಲಿ ಮಾತ್ರ ಉಳಿಯಿತು. ಬೈಯುತ್ತಾರೆ ಎಂದು ಕಾದೆ; ಬೈದಿದ್ದರೆ ಒಳ್ಳೆಯದಿತ್ತು. ಅವರು ಎದ್ದು ಚಪ್ಪಲಿ ಹಾಕಿಕೊಂಡರು.

"ಮುಂದಿನ ಸಲ ನನ್ನ ಹೆಸರು ಹೇಳಿಯೇ ಹೇಳಿ," ಎಂದರು. "ಹೆಸರು ಇಲ್ಲದಿದ್ರೆ ಜನ ಇದು ಬೇರೆ ಯಾರದ್ದೋ ಅಂತ ಎದ್ದು ಹೋಗ್ತಾರೆ."

ಹಾಗಾಗಿ ಇಲ್ಲಿ ಹಸನಬ್ಬ ಎಂದೇ ಬರೆದಿದ್ದೇನೆ.