ಕೈ ನಡುಗಿದ್ದಲ್ಲ

ನನ್ನ ಫೋನಿಗೆ ಈಚೆಗೆ ಅಧಿಕಪ್ರಸಂಗ ಹೆಚ್ಚಾಗಿದೆ. ಬೆಳಿಗ್ಗೆ ಕಾಫಿ ಕುಡಿಯುತ್ತ ಕೂತಿದ್ದಾಗ ಅದು ತಾನಾಗಿಯೇ ಒಂದಷ್ಟು ಚಿತ್ರಗಳನ್ನು ಗುಡ್ಡೆಹಾಕಿ, ಇವು ಮಸುಕಾಗಿವೆ, ಅಳಿಸಿಬಿಡಲೇ ಎಂದು ಕೇಳಿತು. ನೋಡಿದರೆ ಎಲ್ಲವೂ ಗೆಳತಿ ಕೋಮಲಾ ಕಳಿಸಿದವು. ಬೇಡ ಎಂದು ಒತ್ತಿದೆ. ಒತ್ತಿದ್ದು ಕೊಂಚ ಜೋರಾಗಿಯೇ ಇತ್ತೇನೋ, ಯಾರ ಮೇಲೆ ಸಿಟ್ಟು ಎಂದು ಗಂಡ ಪೇಪರಿನ ಹಿಂದಿನಿಂದ ಕೇಳಿದರು. ಫೋನಿನ ಮೇಲೆ ಎಂದೆ. ನಿಜಕ್ಕೂ ಅದು ಹಳೆಯ ಸಿಟ್ಟು. ಫೋನಿಗಿಂತ ಮೊದಲು ಅದೇ ಮಾತನ್ನು ಬಹಳ ಜನ ಹೇಳಿಯಾಗಿತ್ತು.

ನಿಮಗೂ ಗೊತ್ತಿರಬಹುದು, ನಮ್ಮ ಶಿವಮೊಗ್ಗದಲ್ಲಿ ಕ್ಯಾಮೆರಾ ಕೊಂಡವರು ಮಾರನೆಯ ದಿನವೇ ಹಕ್ಕಿಯ ಹಿಂದೆ ಹೊರಡುತ್ತಾರೆ. ಬ್ಯಾಂಕಿನ ಕೆಲಸ ಬೇಸರ ತರಿಸಿದ್ದಕ್ಕೆ ನಾನೂ ಒಂದು ಕೊಂಡೆ. ಭಾನುವಾರ ಸೇರುವ ಛಾಯಾಗ್ರಾಹಕರ ಗುಂಪಿಗೆ ಸೇರಿ, ಮಿಂಚುಳ್ಳಿಗಾಗಿ ಕಾಯುತ್ತ ತುಂಗೆಯ ದಂಡೆಯಲ್ಲಿ ಸೊಳ್ಳೆಗಳಿಗೆ ರಕ್ತದಾನ ಮಾಡಿದೆ. ಗುಂಪಿನ ಹಿರಿಯರು ರಾಜಾರಾಯರು, ನಿವೃತ್ತ ಇಂಜಿನಿಯರು. ಗರಿ ಗರಿಯೂ ಬಿಡಿಸಿ ಕಾಣಬೇಕು ಎಂಬುದೇ ಅವರ ಶಾಸ್ತ್ರ. ಉಸಿರು ಬಿಗಿಹಿಡಿದು ಕ್ಲಿಕ್ಕಿಸುವುದನ್ನು ನನಗೆ ಕಲಿಸಿದವರು ಅವರೇ. ಒಳ್ಳೆಯ ಮನುಷ್ಯರು. ಯಾರ ಲೆನ್ಸಿಗೆ ಬೂಷ್ಟು ಹಿಡಿದರೂ ಮನೆಗೆ ಒಯ್ದು ಮಗುವಿನ ಮುಖ ಒರೆಸುವ ಹಾಗೆ ಒರೆಸಿ ತಂದುಕೊಡುತ್ತಿದ್ದರು.

ಕೋಮಲಾ ಆ ಗುಂಪಿಗೆ ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ವಾರವಿಡೀ ಇಲ್ಲಿನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ಎಷ್ಟೇ ಅಡಗಿಕೊಂಡ ನರವಾದರೂ ಒಂದೇ ಚುಚ್ಚಿಗೆ ಹಿಡಿಯುತ್ತಾಳೆಂದು ಹೆಸರು. ಅವಳ ಅಪ್ಪ ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಆಯುಷ್ಯ ಕಳೆದವರು. ಮನೆಯೊಳಗೆ ತಮಿಳು, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ.

ಒಂದು ಸಂಜೆ ಅವಳು ಬಸ್ಸಿನ ಕಿಟಕಿಯಿಂದ ಗದ್ದೆಯ ಫೋಟೋ ತೆಗೆಯುವಾಗ ಬಸ್ಸು ಗುಂಡಿಗೆ ಇಳಿದು ಎದ್ದಿತು. ಚಿತ್ರದಲ್ಲಿ ಗದ್ದೆಯೂ ಇಲ್ಲ, ತೆಂಗೂ ಇಲ್ಲ. ಹಸಿರು, ಹೊಂಬಣ್ಣ, ಮೇಲಕ್ಕೆ ಎಳೆದ ನಾಲ್ಕಾರು ಕಪ್ಪು ಗೀಟು. ನಾನಾಗಿದ್ದರೆ ಅಲ್ಲೇ ಅಳಿಸುತ್ತಿದ್ದೆ. ಅವಳು ವಾರವಿಡೀ ಅದನ್ನೇ ನೋಡಿದಳು. ಆಮೇಲೆ ಬೇಕೆಂದೇ ಮಾಡತೊಡಗಿದಳು. ಕ್ಯಾಮೆರಾದ ಕಣ್ಣನ್ನು ತುಸು ಹೆಚ್ಚು ಹೊತ್ತು ತೆರೆದಿಟ್ಟು, ಅಷ್ಟರಲ್ಲಿ ಅದನ್ನು ಮೇಲಕ್ಕೋ ಪಕ್ಕಕ್ಕೋ ಸರಿಸುವುದು, ಇಲ್ಲವೇ ಮಣಿಕಟ್ಟು ತಿರುಗಿಸುವುದು. ಹೇಳಲು ಸುಲಭ. ನಾನೂ ಮಾಡಿ ನೋಡಿದೆ, ಸಾರು ಚೆಲ್ಲಿದ ಹಾಗೆ ಬಂತು. ಉಸಿರು ಬಿಗಿಹಿಡಿದು ಅಭ್ಯಾಸವಾದ ಕೈ, ಅಲ್ಲಾಡು ಎಂದರೂ ಅನುಮತಿ ಕೇಳುತ್ತಿತ್ತು.

ಆ ವರ್ಷದ ಪ್ರದರ್ಶನಕ್ಕೆ ‘ನಮ್ಮ ಊರು’ ಎಂಬ ವಿಷಯ ಕೊಟ್ಟಿದ್ದರು. ಕೋಮಲಾ ಕಾರ್ಖಾನೆಯ ಗೇಟಿನ ಎದುರು ಹಲವು ಸಂಜೆ ನಿಂತಳು. ಒಂದು ಕಾಲಕ್ಕೆ ಪಾಳಿ ಬಿಟ್ಟರೆ ರಸ್ತೆ ತುಂಬಿಹೋಗುತ್ತಿದ್ದ ಜಾಗ, ಈಗ ಬೆರಳೆಣಿಕೆಯ ಜನ. ಅವಳ ಚಿತ್ರಗಳಲ್ಲಿ ತುಕ್ಕು ಬಣ್ಣದ ಗೋಡೆ ಮೇಲಕ್ಕೆ ಹರಿಯುತ್ತಿತ್ತು. ಸೈಕಲ್ಲೊಂದು ನೀಲಿ ಎಳೆಯಾಗಿತ್ತು. ಆಕಾಶ ಕಾದು ಸುರಿಯುತ್ತಿತ್ತು.

ರಾಜಾರಾಯರ ಮನೆಯ ಹಜಾರದಲ್ಲಿ ಆಯ್ಕೆಯ ಸಭೆ. ಅವರು ಚಿತ್ರಗಳನ್ನು ಬೆಳಕಿಗೆ ಹಿಡಿದು, ಕನಿಕರದಿಂದಲೇ, ಕೈ ನಡುಗಿದೆಯಲ್ಲಮ್ಮ ಎಂದರು.

“ಬೆಳಿಗ್ಗೆಯಿಂದ ಸಂಜೆವರೆಗೆ ಊರಿನವರ ನರ ಹುಡುಕೋ ಕೈ ಇದು ಸಾರ್” ಎಂದಳು ಕೋಮಲಾ. “ನಡುಗಿದ್ದಲ್ಲ. ನಾನೇ ಅಲ್ಲಾಡ್ಸಿದ್ದು.”

ಇದರಲ್ಲಿ ಒಬ್ಬರ ಮುಖವೂ ಇಲ್ಲವಲ್ಲ ಎಂದು ಪಕ್ಕದವರು ಗೊಣಗಿದರು. ಮುಖ ಬೇಕಿದ್ದರೆ ಆಧಾರ್ ಕಾರ್ಡ್ ನೋಡಿಕೊಳ್ಳಿ ಎಂದಳು. ರಾಯರು ರಾಜಿಗೆ ಬಂದರು: ಮೂಲೆಯಲ್ಲಿ ಹಾಕೋಣ, ಕೆಳಗೆ ‘ಪ್ರಯೋಗ’ ಎಂದು ಚೀಟಿ ಅಂಟಿಸೋಣ. ಆಗಲಿ, ಮಿಕ್ಕವುಗಳ ಕೆಳಗೆ ‘ರೂಢಿ’ ಎಂದು ಅಂಟಿಸುವುದಾದರೆ ತನಗೂ ಒಪ್ಪಿಗೆ ಎಂದು ಅವಳು ಚಿತ್ರಗಳನ್ನು ಚೀಲಕ್ಕೆ ಹಾಕಿಕೊಂಡಳು.

ನನ್ನ ಮಿಂಚುಳ್ಳಿ ಆಯ್ಕೆಯಾಗಿತ್ತು, ಬಹುಮಾನದ ಮಾತೂ ಇತ್ತು. ಸಭೆಯಲ್ಲಿ ಬಾಯಿ ತೆರೆದವಳಲ್ಲ ನಾನು. ಅಂದು ಎದ್ದು, ನನ್ನದನ್ನೂ ವಾಪಸ್ಸು ಕೊಡಿ ಎಂದೆ. ಧ್ವನಿ ನಡುಗಿತು, ಅದನ್ನು ಮಾತ್ರ ನಾನು ಬೇಕೆಂದು ಮಾಡಿದ್ದಲ್ಲ.

ನಾವು ನಮ್ಮದೇ ಪ್ರದರ್ಶನ ಮಾಡಿದೆವು, ಭದ್ರಾವತಿಯಲ್ಲಿ ಕೋಮಲಾಳ ಮನೆಯವರಿದ್ದ ಕಾರ್ಖಾನೆ ಕ್ವಾರ್ಟರ್ಸಿನ ಅಂಗಳದಲ್ಲಿ, ಬಟ್ಟೆ ಒಣಗಿಸುವ ತಂತಿಗೆ ಕ್ಲಿಪ್ಪು ಹಾಕಿ. ಓಣಿಯವರು ಬಂದರು. ಒಬ್ಬರು ಪ್ರಿಂಟರಿನ ಮಸಿ ಸೋರಿದೆಯೇ ಎಂದು ವಿಚಾರಿಸಿದರು. ಪಕ್ಕದ ಮನೆಯ ಹೆಂಗಸು ಕೆಂಪು ಗೋಡೆಯ ಮುಂದೆ ಬಹಳ ಹೊತ್ತು ನಿಂತಾಗ ನನ್ನ ಕಣ್ಣು ತುಂಬಿಬಂತು. ಆಕೆ ತಿರುಗಿ, ನಮ್ಮ ಹೊಸ ಕರ್ಟನ್ನಿಗೆ ಇದು ಸರಿಯಾಗಿ ಮ್ಯಾಚ್ ಆಗುತ್ತದೆ, ಕೊಡುತ್ತೀರಾ ಎಂದರು. ಕೋಮಲಾ ಸಂತೋಷದಿಂದ ಕೊಟ್ಟಳು. ರಾಜಾರಾಯರೂ ಸ್ಕೂಟರಿನಲ್ಲಿ ಅಷ್ಟು ದೂರ ಬಂದರು. ಎಲ್ಲವನ್ನೂ ಕನ್ನಡಕ ಏರಿಸಿ ಇಳಿಸಿ ನೋಡಿ, ತಮಗೆ ಇನ್ನೂ ಇದು ಫೋಟೋ ಅನ್ನಿಸುತ್ತಿಲ್ಲ ಎಂದರು. ಅನ್ನಿಸಲೇಬೇಕೆಂದಿಲ್ಲ, ಬಂದು ನೋಡಿದಿರಲ್ಲ ಎಂದು ಕೋಮಲಾ ಅವರಿಗೆ ಕಾಫಿ ಕೊಟ್ಟಳು.

ಬಂದು ನೋಡಲೂ ಒಪ್ಪದವರು ಅವಳ ಅಪ್ಪ. ಕುರ್ಚಿಯಿಂದ ಏಳಲೇ ಇಲ್ಲ. “ನಾನು ದುಡಿದ ಜಾಗ ಅದು. ನೆಟ್ಟಗೆ ಒಂದು ಫೋಟೋ ತೆಗಿ ಅಂದ್ರೆ ಕುಡಿದೋರ ಹಾಗೆ ತೆಗ್ದಿದ್ದೀಯ” ಎಂದರು.

“ನೆಟ್ಟಗೆ ತೆಗೆದ್ರೆ ಸುಮ್ನೆ ನಿಂತಿರೋ ಗೋಡೆ ಬರ್ತದೆ ಅಪ್ಪ. ನೀವು ಹೋಗ್ತಿದ್ದಾಗ ಅದು ಸುಮ್ನಿತ್ತಾ?”

ಆ ಮನೆಯಲ್ಲಿ ಬಹಳ ದಿನ ಅಪ್ಪ ಮಗಳ ನಡುವೆ ಮಾತಿರಲಿಲ್ಲ.

ಮೊನ್ನೆ ಭಾನುವಾರ ಅವಳ ಅಪ್ಪನೇ ನನಗೆ ಫೋನು ಮಾಡಿದರು. ಮೊಣಕಾಲು ಕೈಕೊಡುತ್ತಿದೆ, ಪೂರ್ತಿ ಕೂರುವ ಮೊದಲು ಗೇಟಿನ ಹತ್ತಿರ ಒಮ್ಮೆ ಹೋಗಬೇಕು, ನಿನ್ನ ಫೋಟೋದಲ್ಲಿ ಎಲ್ಲ ಕಾಣಿಸುತ್ತದಂತೆ, ನೀನೇ ತೆಗೆದುಕೊಡು ಎಂದರು. ಕೋಮಲಾಳೂ ಸೇರಿ ಮೂವರೂ ಆಟೋದಲ್ಲಿ ಹೋದೆವು. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದರು. ನಾನು ಕ್ಯಾಮೆರಾ ಎತ್ತುವುದಕ್ಕೂ ಕಾವಲಿನ ಯುವಕ ಬರುವುದಕ್ಕೂ ಸರಿಹೋಯಿತು. ಇಲ್ಲಿ ಫೋಟೋ ತೆಗೆಯುವ ಹಾಗಿಲ್ಲ ಎಂದ. ಬ್ಯಾಂಕಿನವಳು ನಾನು, ನಿಯಮ ಎಂದ ಕೂಡಲೇ ಚೀಲ ಮುಚ್ಚಿದೆ. ಅಪ್ಪ ತಾನು ಇಲ್ಲೇ ದುಡಿದವನು ಎಂದು, ತಮ್ಮ ವಿಭಾಗದ ಹೆಸರು ಹೇಳಿ, ಒಳಗೆ ಬೇಕಾದರೆ ಕೇಳಿ ನೋಡು ಎಂದರು. ಯುವಕ ಮರ್ಯಾದೆಯಿಂದಲೇ, ಆ ವಿಭಾಗ ಯಾವುದೋ ನನಗೆ ಗೊತ್ತಿಲ್ಲ ತಾತ ಎಂದ. ಅಪ್ಪ ಗೇಟಿನ ಕಂಬಿ ಹಿಡಿದುಕೊಂಡರು.

ಕೋಮಲಾ ಹಿಂದಿನಿಂದ ಮುಂದೆ ಬಂದಳು. ಆಟೋದಿಂದ ಇಳಿಯುವಾಗಲೇ ಅವಳು ತನ್ನ ರೀತಿಯಲ್ಲಿ ಒಂದು ತೆಗೆದಾಗಿತ್ತು. ಅದನ್ನು ಅವನ ಮುಂದೆ ಹಿಡಿದಳು.

“ಇದ್ರಲ್ಲಿ ನಿಮ್ಮ ಫ್ಯಾಕ್ಟ್ರಿ ಎಲ್ಲಿದೆ, ತೋರ್ಸಿ. ತೋರ್ಸಿದ್ರೆ ಅಳಿಸ್ತೀನಿ.”

ಅವನು ನೋಡಿದ. ಕ್ಯಾಮೆರಾ ಅಡ್ಡ ತಿರುಗಿಸಿ ನೋಡಿದ. ಇದರಲ್ಲಿ ಏನೂ ಬಿದ್ದೇ ಇಲ್ಲವಲ್ಲ ಮೇಡಂ ಎಂದು ನಕ್ಕು, ಕುರ್ಚಿಗೆ ಹಿಂದಿರುಗಿದ. ಅಪ್ಪ ಆ ಕ್ಯಾಮೆರಾವನ್ನು ತಮ್ಮ ಕೈಗೆ ತೆಗೆದುಕೊಂಡರು. ತುಕ್ಕಿನ ಕೆಂಪು, ಅದರೊಳಗಿಂದ ಎದ್ದ ಕಪ್ಪು ಎಳೆ, ಮೇಲೆ ಬಿಳಿಯ ಉರಿ. ಅವರ ಹೆಬ್ಬೆರಳು ಆ ಕಪ್ಪು ಎಳೆಯ ಮೇಲೆ, ಚಿಮಣಿ ಇರುವ ಜಾಗದಲ್ಲೇ, ನಿಂತಿತು. ಮಗಳಿಗೆ ಅದನ್ನು ಹಿಂದಕ್ಕೆ ಕೊಟ್ಟರು.

“ತೆಗಿ” ಎಂದರು. “ಚೆನ್ನಾಗಿ ಅಲ್ಲಾಡ್ಸು.” ಆಮೇಲೆ ನನ್ನ ಕಡೆ ತಿರುಗಿ, “ನೀನೂ ತೆಗಿಯಮ್ಮ” ಎಂದರು.

ನಾನು ಚೀಲ ಬಿಚ್ಚಿದೆ. ಉಸಿರು ಬಿಗಿಹಿಡಿಯಲಿಲ್ಲ. ಗೇಟು, ಗೋಡೆ, ಕಂಬಿ ಹಿಡಿದ ಬಿಳಿ ಅಂಗಿ ಎಲ್ಲವನ್ನೂ ಒಟ್ಟಿಗೆ ಮೇಲಕ್ಕೆ ಎಳೆದೆ. ಅದರಲ್ಲಿ ಏನು ಬಿದ್ದಿದೆ ಎಂದು ನಮ್ಮ ಮೂವರಿಗೆ ಗೊತ್ತು. ಈ ವರ್ಷದ ಪ್ರದರ್ಶನಕ್ಕೆ ನಾನು ಕಳಿಸುತ್ತಿರುವುದು ಅದೊಂದನ್ನೇ. ಚೀಟಿ ಅಂಟಿಸಲು ಬಿಡುವುದಿಲ್ಲ.