ಅಕ್ಕ ಕುಕ್ಕರಗಾಲಲ್ಲಿ ಕೂತ ಮಧ್ಯಾಹ್ನ

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ. ಗಾಳಿ, ಶಕುನ, ಮೈಮೇಲೆ ಬರುವುದು ಎಂದು ಯಾರಾದರೂ ಬಾಯಿ ತೆರೆದರೆ ಎದುರಿಗೇ ನಕ್ಕುಬಿಡುತ್ತಿದ್ದೆ. ಹಾಗೆ ಎಷ್ಟು ಜನರ ಮನಸ್ಸು ನೋಯಿಸಿದ್ದೇನೋ. ಈಗ ನನ್ನ ಮಾತು ಕೇಳಿ ನೀವು ನಕ್ಕರೆ ನಾನು ಬೇಸರಪಡುವಂತಿಲ್ಲ.

ಸಾದಲಿಯ ಹತ್ತಿರ ನಮ್ಮೂರು. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ರೇಷ್ಮೆಹುಳ ಸಾಕಿ ನನ್ನನ್ನು ಓದಿಸಿದಳು. ಹುಳ ಸಾಕುವುದೆಂದರೆ ಕುಕ್ಕರಗಾಲಲ್ಲಿ ಕೂತು ಹಿಪ್ಪುನೇರಳೆ ಸೊಪ್ಪು ಹೆಚ್ಚುವುದು, ಎದ್ದು ಹುಳದ ತಟ್ಟೆಗಳಿಗೆ ಉದುರಿಸುವುದು, ಮತ್ತೆ ಕೂರುವುದು. ದಿನವೆಲ್ಲ ಅದೇ ಕೆಲಸ. ಅಕ್ಕ ಮೊಣಕಾಲಿಗೆ ಕೈಯೂರಿ ಎದ್ದದ್ದನ್ನು ನಾನು ನೋಡಿರಲಿಲ್ಲ.

ಅರವತ್ತರ ದಶಕದ ಮೊದಲ ವರ್ಷಗಳು. ಸೊಪ್ಪಿನ ಗಾಡಿ ಮಗುಚಿ ಅಕ್ಕನ ಸೊಂಟದ ಕೀಲು ಮುರಿಯಿತು. ತೊಡೆಮೂಳೆಯ ಗುಂಡು ಕೂರುವ ಬಟ್ಟಲೇ ಒಡೆದಿದೆ ಎಂದು ಬೆಂಗಳೂರಿನ ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿದರು. ಆಪರೇಷನ್ ಮಾಡಿದರೆ ನಡೆಯಬಹುದು, ಅದಕ್ಕಿಂತ ಹೆಚ್ಚಿಗೆ ಈಗಲೇ ಹೇಳಲಾಗದು ಎಂದರು.

"ಕೊಯ್ಯೋದು ಬೇಡಪ್ಪ, ಊರಿಗೋಗಿ ಕಟ್ಟು ಹಾಕಿಸಣ," ಎಂದು ಅಮ್ಮ ಅತ್ತಳು. ಅಕ್ಕ ನನ್ನ ಕಡೆ ನೋಡಿದಳು. "ನೀನು ಓದಿರೋನು, ನೀನೇ ಹೇಳಪ್ಪ. ಮೊದಲಿನ ತರ ಕೂರಕಾಯ್ತದಾ?"

"ಆಯ್ತದೆ ಕಣಕ್ಕ. ಡಾಕ್ಟರೇ ಹೇಳಿದ್ರು."

ಡಾಕ್ಟರು ಹಾಗೆ ಹೇಳಿರಲಿಲ್ಲ. ಅಕ್ಕ ಆಪರೇಷನ್ನಿನ ಒಪ್ಪಿಗೆ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದಳು.

ಗಾಯ ಚೆನ್ನಾಗಿ ಮಾಯಿತು. ಮೂರು ತಿಂಗಳು ಕಾಲೂರಲಿಲ್ಲ. ಆರನೇ ತಿಂಗಳಿಗೆ ಕೋಲು ಹಿಡಿದು ಬಾವಿಯವರೆಗೆ ನಡೆದಳು. ನಾನು ಶಾಲೆಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಆದರೆ ವರ್ಷ ತುಂಬುವ ಹೊತ್ತಿಗೆ ತೊಡೆಸಂದಿಯಲ್ಲಿ ನೋವು ಶುರುವಾಯಿತು. ಮತ್ತೆ ಎಕ್ಸ್‌ರೇ ತೆಗೆದರು. ಕೂಡಿಸಿದ ಬಟ್ಟಲು ಸರಿಯಾಗಿಯೇ ಇತ್ತು. ಒಳಗಿನ ಗುಂಡು ರಕ್ತ ಸಿಗದೆ ಸವೆಯುತ್ತಿತ್ತು. ಕೆಲವರಿಗೆ ಹೀಗಾಗುತ್ತದೆ, ಯಾರ ತಪ್ಪೂ ಅಲ್ಲ, ನೆಲದ ಮೇಲೆ ಕೂರುವ ಆಸೆ ಬಿಡಬೇಕು ಎಂದರು ಡಾಕ್ಟರು. ಅಕ್ಕನಿಗೆ ನಾನು "ಇನ್ನೊಂದಾರು ತಿಂಗಳು" ಎಂದಷ್ಟೇ ಹೇಳಿದೆ.

ಅವಳು ದಿನಾ ಗೋಡೆ ಹಿಡಿದು ಕೂರಲು ನೋಡುತ್ತಿದ್ದಳು. ಅರ್ಧಕ್ಕೇ ಕಾಲು ನಿಂತುಬಿಡುತ್ತಿತ್ತು. ಬರುಬರುತ್ತಾ ಮಂಚ ಬಿಟ್ಟು ಏಳುವುದೇ ಕಡಿಮೆಯಾಯಿತು. "ನೋಡೋ, ದೊರೆಸಾನಿ ಊಟ ನಂದು, ಮಂಚದ ಮೇಲೆ," ಎಂದು ತಟ್ಟೆ ತೊಡೆಯ ಮೇಲಿಟ್ಟುಕೊಂಡು ನಗುತ್ತಿದ್ದಳು. ತಟ್ಟೆಯಲ್ಲಿ ಹಾಕಿದ್ದು ಹಾಗೇ ಉಳಿದಿರುತ್ತಿತ್ತು. ಹುಳವನ್ನು ಅಮ್ಮ ಒಬ್ಬಳೇ ನೋಡಿಕೊಳ್ಳುತ್ತಿದ್ದಳು.

ಒಂದು ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಊರಿಗೆ ಬಂದೆ. ಎರಡು ಗಂಟೆ ಇರಬಹುದು, ಒಳ್ಳೆ ಬಿಸಿಲು. ಹುಳದ ಮನೆಯ ಬಾಗಿಲು ತೆರೆದಿತ್ತು. ಒಳಗೆ ಅಕ್ಕ ಕುಕ್ಕರಗಾಲಲ್ಲಿ ಕೂತು ಸೊಪ್ಪು ಹೆಚ್ಚುತ್ತಿದ್ದಳು. ಕತ್ತಿ ಹಲಗೆಗೆ ತಾಗುವ ಸದ್ದು ನನಗೆ ಕೇಳಿತು. ಹೆಚ್ಚಿದ್ದನ್ನು ಮಂಕರಿಗೆ ತುಂಬಿಕೊಂಡು, ಎಲ್ಲೂ ಕೈಯೂರದೆ ಎದ್ದು, ತುದಿಗಾಲಲ್ಲಿ ನಿಂತು ಮೇಲಿನ ತಟ್ಟೆಗೆ ಉದುರಿಸಿದಳು.

ಒಳಗೆ ಹೋಗಲು ಹೊರಟೆ. ಕಾಲು ತೊಳೆಯದೆ ಹುಳದ ಮನೆಗೆ ಹೋಗುವಂತಿಲ್ಲ. ಅಂಗಳದ ತೊಟ್ಟಿಯ ಕಡೆ ತಿರುಗಿ ಎರಡು ಚೊಂಬು ನೀರು ಸುರಿದುಕೊಂಡೆ. ಮತ್ತೆ ನೋಡಿದರೆ ಅಲ್ಲಿ ಯಾರೂ ಇಲ್ಲ.

ಅಕ್ಕ ನಡುಮನೆಯ ಮಂಚದ ಮೇಲೆ ಮಲಗಿದ್ದಳು. ಕೋಲು ಅವಳ ಕೈಗೆಟುಕದ ಮೂಲೆಯಲ್ಲಿತ್ತು.

"ಯಾಕೋ ಅಳ್ತಿದೀಯ?"

ಕಂಡದ್ದನ್ನು ಹೇಳಿದೆ. ಬೆಳಗ್ಗೆಯಿಂದ ಎದ್ದೇ ಇಲ್ಲ ಎಂದಳು. ಆಮೇಲೆ ನನ್ನ ಮಣಿಕಟ್ಟು ಹಿಡಿದುಕೊಂಡಳು.

"ಏಳುವಾಗ ಕೈ ಊರಿದ್ನಾ?"

"ಇಲ್ಲಕ್ಕ."

"ಕುಂಟಿದ್ನಾ?"

"ಇಲ್ಲ."

"ಇನ್ನೊಂದು ಗಳಿಗೆ ನೋಡ್ಬಾರ್ದಾಗಿತ್ತಾ? ಯಾಕೋ ಕಣ್ಣು ತಿರುಗಿಸ್ದೆ?"

ಆ ಮಾತಿಗೆ ನನ್ನ ಎದೆ ಒಡೆಯಿತು. ಆಸ್ಪತ್ರೆಯಲ್ಲಿ ಡಾಕ್ಟರು ಹಾಗೆ ಹೇಳಿರಲಿಲ್ಲ, ನಾನೇ ಕಟ್ಟಿ ಹೇಳಿದೆ ಎಂದು ಒಪ್ಪಿಕೊಂಡೆ.

"ಗೊತ್ತು ಬಿಡೋ. ಸುಳ್ಳು ಹೇಳ್ದಾಗ ನೀನು ಮೂಗು ಕೆರ್ಕೊಂತೀಯ. ಚಿಕ್ಕೋನಾಗಿಂದ್ಲೂ ಅಷ್ಟೇ. ಆವತ್ತೂ ಕೆರ್ಕೊಂಡೆ."

"ಮತ್ಯಾಕೆ ಹೆಬ್ಬೆಟ್ಟು ಒತ್ತಿದೆ?"

"ನಿನ್ನ ಮುಖ ನೋಡಿ, ಅಷ್ಟೇ." ಗೋಡೆ ಕಡೆ ಹೊರಳಿದಳು. "ಈಗ ಮಾತ್ರ ಕೆರ್ಕೊಂಡಿಲ್ಲ ಕಣೋ. ಇನ್ನೊಂದು ಸಲ ಹೇಳು, ಹೆಂಗೆ ಎದ್ದೆ ನಾನು?"

ಹೇಳಿದೆ. ಅಷ್ಟರಲ್ಲಿ ತೋಟದಿಂದ ಬಂದ ಅಮ್ಮ ಹುಳದ ಮನೆಯಿಂದಲೇ ಕೂಗಿದಳು: "ಹುಳಕ್ಕೆ ಸೊಪ್ಪು ಹಾಕಿದ್ಯಾರೇ? ನಾನು ಬಂದು ಹಾಕಣ ಅಂತಿದ್ದೆ!" ಹೋಗಿ ನೋಡಿದೆ. ಮೇಲಿನ ಸಾಲಿನ ತಟ್ಟೆಗಳಲ್ಲಿ ಹೊಸ ಸೊಪ್ಪು, ಸಣ್ಣಗೆ ಒಂದೇ ಸಮನಾಗಿ ಹೆಚ್ಚಿದ್ದು. ಅಮ್ಮ ಹೆಚ್ಚಿದರೆ ಯಾವಾಗಲೂ ದಪ್ಪ.

ಅಕ್ಕ ಇನ್ನು ನಾಲ್ಕು ವರ್ಷ ಇದ್ದಳು. ಒಮ್ಮೆಯೂ ನೆಲಕ್ಕೆ ಕೂರಲಿಲ್ಲ. ನಾನು ಊರಿಗೆ ಹೋದಾಗಲೆಲ್ಲ ಆ ಮಧ್ಯಾಹ್ನದ್ದನ್ನು ಕೇಳುತ್ತಿದ್ದಳು, ನಾನು ಮೊದಲಿನಿಂದ ಹೇಳುತ್ತಿದ್ದೆ. ಬಿಸಿಲಿಗೆ, ಹಸಿವಿಗೆ, ಮಾಡಿದ ತಪ್ಪಿಗೆ ಕಣ್ಣು ಏನು ಬೇಕಾದರೂ ತೋರಿಸುತ್ತದೆ ಎಂದು ನನಗೂ ಗೊತ್ತು. ಅದನ್ನು ನಾನೇ ಮಕ್ಕಳಿಗೆ ಪಾಠ ಮಾಡಿದ್ದೇನೆ. ಹೆಚ್ಚಿದ ಸೊಪ್ಪಿಗೆ ಏನು ಹೇಳಲಿ? ಅವತ್ತು ಸಂಜೆಯವರೆಗೂ ನಾನು ಅಲ್ಲೇ ನಿಂತಿದ್ದೆ. ಹುಳಗಳು ಅದನ್ನು ಚೂರೂ ಉಳಿಸದೆ ತಿಂದವು.